ಮನೆಗೆ ಬಂದ ಕಿಂಡಿ

2006ರ ನವೆಂಬರಿನಲ್ಲಿ ನಮ್ಮ ಮನೆಗೆ 4,380 ರೂಪಾಯಿಯ ಒಂದು ಬಿಲ್ಲು ಬಂತು. ತಿಂಗಳು ತಿಂಗಳೂ ಐನೂರು ಚಿಲ್ಲರೆಯಲ್ಲಿ ಮುಗಿಯುತ್ತಿದ್ದ ಬ್ರಾಡ್‌ಬ್ಯಾಂಡ್ ಬಿಲ್ಲು ಅದು. ಆಗ ನನ್ನ ಕೈಗೆ ಸಿಗುತ್ತಿದ್ದ ಸಂಬಳದಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ. ನಮ್ಮ ಯಜಮಾನರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಏನೂ ಹೇಳದೆ ನನ್ನ ಕೈಗೆ ಕೊಟ್ಟರು. ನಾನು ಅಷ್ಟೂ ನೋಡಲಿಲ್ಲ. ಏಳನೆಯ ತರಗತಿಯಲ್ಲಿದ್ದ ಮಗನನ್ನು ಕರೆದೆ.

"ದಿನಾ ಎಷ್ಟು ಹೊತ್ತು ಕೂರ್ತಿದ್ದೆ ಅದರ ಮುಂದೆ? ನಿಜ ಹೇಳು."

"ಅರ್ಧ ಗಂಟೆ ಅಷ್ಟೇ ಅಮ್ಮ. ನೀನು ಹೇಳಿದಷ್ಟೇ."

ಹೊಡೆದೆ. ಅಡುಗೆ ಮನೆಯಿಂದ ಬಂದ ನಮ್ಮತ್ತೆ, "ರಾತ್ರಿಯೆಲ್ಲ ನನ್ನ ಪಕ್ಕದಲ್ಲೇ ಮಲಗಿರುತ್ತೆ ಕಣೆ ಮಗು, ಯಾವಾಗ ಮಾಡೀತು ಅಷ್ಟೊಂದು?" ಎಂದರು. ಅವರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಷ್ಟರ ಬುದ್ಧಿ ಮನೆಯಲ್ಲೂ ಬಿಡುವುದಿಲ್ಲ ನೋಡಿ. ಇನ್ನೂರು ಪುಟದ ಹೊಸ ನೋಟ್‌ಬುಕ್ಕೊಂದನ್ನು ಅವನ ಮುಂದಿಟ್ಟು, "ನಾನು ಸುಳ್ಳು ಹೇಳುವುದಿಲ್ಲ" ಎಂದು ನೂರು ಸಲ ಬರೆ ಎಂದೆ. ಅಳುತ್ತಲೇ ಬರೆದ. ಅಕ್ಷರ ಮಾತ್ರ ದುಂಡಗೆ ಇತ್ತು.

ನಾನು ಇತಿಹಾಸದ ಟೀಚರು. ಆಧಾರವಿಲ್ಲದೆ ಯಾರ ಬಗ್ಗೆಯೂ ತೀರ್ಪು ಕೊಡಬಾರದು, ಶಾಸನವಿರಲಿ ಕಡತವಿರಲಿ ಇನ್ನೊಂದು ಆಧಾರದ ಜೊತೆ ಇಟ್ಟು ನೋಡಬೇಕು ಎಂದು ವರ್ಷ ವರ್ಷವೂ ಮಕ್ಕಳಿಗೆ ಹೇಳಿಕೊಂಡು ಬಂದವಳು. ಆ ದಿನ ನನ್ನ ಕೈಯಲ್ಲಿದ್ದ ಕಡತ ಒಂದೇ, ಆ ಬಿಲ್ಲು. ಸಾಕ್ಷಿ ಹೇಳಲು ಬಂದವರನ್ನು ನಾನೇ ಹಿಂದಕ್ಕೆ ಕಳಿಸಿದ್ದೆ. ಆಮೇಲೆ, ತಪ್ಪು ತಿಳಿದ ಮೇಲೆ, ಆ ಬಿಲ್ಲಿನ ಹಿಂದಿನ ಕಥೆಯನ್ನು ಪುಸ್ತಕದಲ್ಲೂ ಪತ್ರಿಕೆಯಲ್ಲೂ ಸಿಕ್ಕಲ್ಲೆಲ್ಲ ಹುಡುಕಿ ಓದಿದೆ. ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ದೇಶದ ಸಾಮಾನ್ಯ ಜನರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ 1986ರಿಂದಲೇ ಎರ್ನೆಟ್ ಎಂಬ ಜಾಲವಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರ ಮೊದಲ ಸದಸ್ಯರಲ್ಲಿ ಒಂದು. ಆದರೆ ಅದು ವಿದ್ವಾಂಸರ ಜಾಲ. ವಿದೇಶ ಸಂಚಾರ ನಿಗಮದವರು ಆ ಸ್ವಾತಂತ್ರ್ಯ ದಿನದಂದು ಅದನ್ನು ಹಣ ಕೊಟ್ಟವರಿಗೆಲ್ಲ ತೆರೆದರು. 1998ರಲ್ಲಿ ಖಾಸಗಿ ಕಂಪನಿಗಳಿಗೂ ಅನುಮತಿ ಸಿಕ್ಕಿತು. ಅಲ್ಲಿಂದ ಒಂದೆರಡು ವರ್ಷದಲ್ಲಿ ನಮ್ಮಂಥ ತಾಲ್ಲೂಕು ಕೇಂದ್ರಗಳ ಬಸ್‌ಸ್ಟ್ಯಾಂಡ್ ಪಕ್ಕದಲ್ಲೂ ಪರದೆ ಕಟ್ಟಿದ ಸೈಬರ್ ಸೆಂಟರುಗಳು ಕಾಣಿಸಿಕೊಂಡವು. ಹೆಣ್ಣುಮಕ್ಕಳು ಒಬ್ಬೊಬ್ಬರೇ ಒಳಗೆ ಹೋಗಲು ಹಿಂಜರಿಯುತ್ತಿದ್ದ ಜಾಗ. ಫಲಿತಾಂಶ ನೋಡಲಿಕ್ಕೆ ಅಣ್ಣನನ್ನೋ ತಮ್ಮನನ್ನೋ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು.

ಮನೆಯಲ್ಲಿ ಕಂಪ್ಯೂಟರ್ ಇದ್ದವರು ಟೆಲಿಫೋನ್ ತಂತಿಯನ್ನೇ ಮೋಡೆಮ್ಮಿಗೆ ಸಿಕ್ಕಿಸಿ ಡಯಲ್ ಮಾಡುತ್ತಿದ್ದರು. ಕೀರಲು ಸದ್ದು, ಗೊರಗೊರ, ಮತ್ತೆ ಕೀರಲು. ನಿಮ್ಮಲ್ಲಿ ಕೆಲವರಿಗಾದರೂ ಆ ಸದ್ದು ಕಿವಿಯಲ್ಲಿ ಉಳಿದಿರಬೇಕು. ಇಂಟರ್‌ನೆಟ್ ಹಾಕಿದಷ್ಟು ಹೊತ್ತೂ ಫೋನ್ ಎಂಗೇಜ್. ತವರಿನಿಂದ ಯಾರಾದರೂ ಫೋನ್ ಮಾಡುವ ಹೊತ್ತಾಯಿತು ಎಂದು ನಾವೇ ಅವಸರವಾಗಿ ತೆಗೆದುಬಿಡುತ್ತಿದ್ದೆವು. ಅಂದರೆ ಇಂಟರ್‌ನೆಟ್ ಆಗ ಮನೆಗೆ ಬರುತ್ತಿದ್ದ ನೆಂಟ. ಕರೆದರೆ ಬರುತ್ತಿತ್ತು, ಕೆಲಸ ಮುಗಿದ ಮೇಲೆ ಹೋಗುತ್ತಿತ್ತು.

ಇದು ಬದಲಾದದ್ದು 2004ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್ ನೀತಿ ಪ್ರಕಟಿಸಿದ ಮೇಲೆ. ಬ್ರಾಡ್‌ಬ್ಯಾಂಡ್ ಎಂದರೆ ಏನು ಎಂದು ಅದರಲ್ಲಿ ವ್ಯಾಖ್ಯೆ ಮಾಡಿದ್ದರು: ಕನಿಷ್ಠ 256 ಕಿಲೋಬಿಟ್ ವೇಗ ಇರಬೇಕು, ಸಂಪರ್ಕ ಯಾವಾಗಲೂ ಚಾಲೂ ಇರಬೇಕು. ಈ ವೇಗದ ಅಂಕಿಯನ್ನು ಆಮೇಲೆ 2013ರಲ್ಲಿ 512ಕ್ಕೂ 2023ರಲ್ಲಿ 2 ಮೆಗಾಬಿಟ್‌ಗೂ ಏರಿಸಿದರು. ಪತ್ರಿಕೆಗಳೂ ಜಾಹೀರಾತುಗಳೂ ಆ ಅಂಕಿಯ ಬಗ್ಗೆಯೇ ಮಾತಾಡಿದವು. ಎರಡನೆಯ ಮಾತಿನ ಕಡೆ, 'ಯಾವಾಗಲೂ ಚಾಲೂ' ಎಂಬುದರ ಕಡೆ, ನಮ್ಮಂಥವರ ಗಮನ ಹೋಗಲೇ ಇಲ್ಲ. ನೆಂಟ ಇನ್ನು ಮನೆಯಲ್ಲೇ ಇರುತ್ತಾನೆ, ಅವನು ಬಂದ ದಾರಿಯೂ ಹಗಲು ರಾತ್ರಿ ತೆರೆದೇ ಇರುತ್ತದೆ ಎಂಬುದು ಅದರ ಅರ್ಥ.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ತನ್ನ ಬ್ರಾಡ್‌ಬ್ಯಾಂಡ್ ಆರಂಭಿಸಿತು. ಅದರ ಒಂದು ಯೋಜನೆಯಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಬಳಸಿದರೂ ಲೆಕ್ಕವಿರಲಿಲ್ಲ. ಕಾಲೇಜು ಹುಡುಗರು ಅಲಾರಂ ಇಟ್ಟುಕೊಂಡು ಎರಡು ಗಂಟೆಗೆ ಎದ್ದು ಸಿನಿಮಾ ಇಳಿಸಲು ಹಾಕಿ ಮತ್ತೆ ಮಲಗುತ್ತಿದ್ದರು. ಊರಿನ ಎಷ್ಟೋ ಮನೆಗಳ ಕಂಪ್ಯೂಟರುಗಳು ಎಲ್ಲರೂ ಮಲಗಿದ ಮೇಲೆ ಎಚ್ಚರವಾಗಿರುತ್ತಿದ್ದವು. ನಾವು ತೆಗೆದುಕೊಂಡ ಯೋಜನೆ ಅದಲ್ಲ. ನಮ್ಮ ಕಂಪನಿ ಯಾವುದೆಂಬುದು ಇಲ್ಲಿ ಮುಖ್ಯವೂ ಅಲ್ಲ. ನಾವು ಅದನ್ನು ಆರಿಸಿದ ಬಗೆ ಮಾತ್ರ ಹೇಳಬೇಕು. ಯಜಮಾನರು ತಮ್ಮ ಆಫೀಸಿನಲ್ಲಿ ಇಬ್ಬರನ್ನು ಕೇಳಿದರು, ತಿಂಗಳಿಗೆ ಎಷ್ಟು ಎಂದು ವಿಚಾರಿಸಿದರು, ಅರ್ಜಿ ಬರೆದರು. ಒಂದು ಸೀರೆ ಕೊಳ್ಳಬೇಕಾದರೆ ಅಂಚು ತಿರುಗಿಸಿ ನೋಡಿ, ಬಣ್ಣ ಬಿಡುತ್ತದೆಯೇ ಎಂದು ಮೂರು ಸಲ ಕೇಳುವ ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದು ಗಂಡಸರ ವ್ಯವಹಾರ ಎಂದುಕೊಂಡಿದ್ದೆ.

ಬಿಲ್ಲು ಬಂದ ಮೂರನೆಯ ದಿನ ನಮ್ಮ ಶಾಲೆಯ ಲ್ಯಾಬಿನ ಕಂಪ್ಯೂಟರುಗಳನ್ನು ರಿಪೇರಿ ಮಾಡಲು ಬರುತ್ತಿದ್ದ ಹುಡುಗನನ್ನು ಮನೆಗೆ ಕರೆದೆ. ಮುಂದೆ ಇಂಥದಾಗದಂತೆ ಮಗನಿಗೆ ಬೀಗ ಹಾಕಿಸುವುದು ನನ್ನ ಉದ್ದೇಶ. ಅವನು ಮೊದಲು ಕಂಪನಿಯಿಂದ ದಿನವಾರು ಲೆಕ್ಕದ ಹಾಳೆ ತರಿಸಿದ. ಅದರಲ್ಲಿ ಶುರುವಾದ ಗಂಟೆ, ಮುಗಿದ ಗಂಟೆ ಇತ್ತು. ರಾತ್ರಿ 1.40ರಿಂದ 4.55. ಮರುದಿನ 12.10ರಿಂದ 5.20. ಆಮೇಲೆ ಶಾಲೆಯ ಹೊತ್ತಿನಲ್ಲೂ, ನಾವು ಮೂವರೂ ಮನೆಯಲ್ಲಿಲ್ಲದಾಗ, ಅತ್ತೆ ಒಬ್ಬರೇ ಇದ್ದಾಗ.

"ಕಂಪ್ಯೂಟರ್ ಆರಿಸ್ತಿರಲಿಲ್ವಾ ಮೇಡಂ?"

ಆರಿಸುತ್ತಿರಲಿಲ್ಲ. ಪದೇ ಪದೇ ಹಾಕಿ ತೆಗೆದು ಮಾಡಿದರೆ ಕೆಡುತ್ತದೆ ಎಂದು ಅಂಗಡಿಯವನು ಹೇಳಿದ್ದ. ಪರದೆಯನ್ನಷ್ಟೇ ಆರಿಸಿ, ಅದರ ಮೇಲೆ ನಾನು ಹೆಣೆದ ಕ್ರೋಶಾ ಬಟ್ಟೆ ಹೊದಿಸಿಬಿಡುತ್ತಿದ್ದೆವು. ಮೇಜಿನ ಕೆಳಗಿನ ಡಬ್ಬಿಯ ಹಸಿರು ದೀಪ ರಾತ್ರಿಯೆಲ್ಲ ಉರಿಯುತ್ತಿತ್ತು. ದೇವರ ಮನೆಯ ನಂದಾದೀಪದ ಹಾಗೆ ಎಂದು ಅತ್ತೆ ತಮಾಷೆ ಮಾಡುತ್ತಿದ್ದರು.

ಹುಡುಗ ಒಂದು ಗಂಟೆ ಕೂತು ನೋಡಿ ಹೇಳಿದ್ದು ಇಷ್ಟು. ಅಂಗಡಿಯವನು ಹಾಕಿಕೊಟ್ಟದ್ದು ವಿಂಡೋಸ್ ಎಕ್ಸ್‌ಪಿಯ ಹಳೆಯ ಸಿ.ಡಿ., ಎಲ್ಲರಿಗೂ ಹಾಕುತ್ತಿದ್ದದ್ದು. ಅದರಲ್ಲಿ ಫೈರ್‌ವಾಲ್ ಇದೆ, ಆದರೆ ಆನ್ ಆಗಿಲ್ಲ. ಮೋಡೆಮನ್ನು ಬರೀ ಸೇತುವೆಯ ಹಾಗೆ ಇಟ್ಟಿದ್ದರಿಂದ ನಮ್ಮ ಯಂತ್ರ ಹೊರಗಿನ ಜಾಲಕ್ಕೆ ನೇರವಾಗಿ ಮುಖ ಮಾಡಿ ನಿಂತಿದೆ. ಒಂದು ಹುಳು ಒಳಗೆ ಬಂದು ಮನೆ ಮಾಡಿದೆ. ಅದು ನಮ್ಮ ಯಂತ್ರದಿಂದ ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಜನರಿಗೆ ಸಾವಿರಗಟ್ಟಲೆ ಇ-ಮೇಲ್ ಕಳಿಸುತ್ತಿದೆ. ಹೋದದ್ದಕ್ಕೂ ಬಂದದ್ದಕ್ಕೂ ಲೆಕ್ಕ ಬೀಳುತ್ತದೆ. ನಾವು ಕಟ್ಟಬೇಕಾದ ಹಣ ಆ ಹುಳುವಿನ ಅಂಚೆ ಖರ್ಚು.

ನನ್ನ ಕಣ್ಣು ಆ ಹಾಳೆಯ ಮೇಲೆಯೇ ಇತ್ತು. 1.40ರಿಂದ 4.55. ಅತ್ತೆ ಹೇಳಿದ್ದು ಸರಿಯಾಗಿತ್ತು.

ಕಂಪ್ಯೂಟರ್ ಮಾಡುವವರಿಗೆ ಬಾಗಿಲು ಹಾಕಲು ಯಾಕೆ ಮೊದಲೇ ಹೊಳೆಯಲಿಲ್ಲ? ನಾನು ಓದಲು ತೊಡಗಿದ್ದು ಈ ಪ್ರಶ್ನೆ ಹಿಡಿದು. ಉತ್ತರ ತಿಳಿಯಬೇಕಾದರೆ ಅಮೆರಿಕಕ್ಕೆ ಹೋಗಬೇಕು. ಇಂಟರ್‌ನೆಟ್ಟಿನ ಅಜ್ಜಿ ಎನ್ನಬಹುದಾದ ಆರ್ಪಾನೆಟ್ ಎಂಬ ಜಾಲದಲ್ಲಿ ಮೊದಲ ಸಂದೇಶ ಹೋದದ್ದು 1969ರ ಅಕ್ಟೋಬರ್ 29ರಂದು, ಕ್ಯಾಲಿಫೋರ್ನಿಯಾದ ಎರಡು ಸಂಸ್ಥೆಗಳ ನಡುವೆ. ಐದಕ್ಷರದ ಪದ ಕಳಿಸಲು ಹೋಗಿ ಎರಡು ಅಕ್ಷರ ಮುಟ್ಟಿದ ಮೇಲೆ ಯಂತ್ರ ನಿಂತೇಹೋಯಿತಂತೆ. ಆಗ ಜಾಲದಲ್ಲಿದ್ದವರೆಲ್ಲ ವಿಶ್ವವಿದ್ಯಾನಿಲಯಗಳ ಜನ. ಬಹುಪಾಲು ಒಬ್ಬರಿಗೊಬ್ಬರು ಪರಿಚಯದವರು. ಹಳ್ಳಿಯ ಕೇರಿಯಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕುವುದಿಲ್ಲವಲ್ಲ, ಹಾಗೆ. ಹಾಕಿದರೆ ಅನುಮಾನ ಪಟ್ಟ ಹಾಗಾಗುತ್ತದೆ.

1988ರ ನವೆಂಬರ್ 2ರ ಸಂಜೆ ಈ ಕೇರಿಗೆ ಬುದ್ಧಿ ಬಂತು. ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ತಾನಾಗಿಯೇ ಯಂತ್ರದಿಂದ ಯಂತ್ರಕ್ಕೆ ಹರಡುವ ಒಂದು ಪ್ರೋಗ್ರಾಂ ಬರೆದು ಬಿಟ್ಟ. ಅವನ ತಂದೆ ಸರ್ಕಾರದ ಕಂಪ್ಯೂಟರ್ ಭದ್ರತೆಯ ದೊಡ್ಡ ಅಧಿಕಾರಿ. ಬೇರೆ ಮನೆಯ ಮಕ್ಕಳ ಮೇಲೆ ಕಣ್ಣಿಟ್ಟವರ ಮನೆಯಲ್ಲೇ ಹೀಗೆ! ಅಂದಾಜಿನ ಪ್ರಕಾರ ಆಗ ಜಾಲದಲ್ಲಿದ್ದದ್ದು ಸುಮಾರು 60,000 ಯಂತ್ರ. ಅದರಲ್ಲಿ 6,000ದಷ್ಟು ಕೆಲಸ ಮಾಡಲಾರದೆ ಕುಸಿದವು. ಆ ಹುಳು ಒಳನುಗ್ಗುತ್ತಿದ್ದ ದಾರಿಗಳಲ್ಲಿ ಒಂದು ಬಹಳ ಸಾಮಾನ್ಯವಾದದ್ದು: ಗುಪ್ತಪದ ಊಹಿಸುವುದು. ಬಳಕೆದಾರನ ಹೆಸರನ್ನೇ ಹಾಕಿ ನೋಡುತ್ತಿತ್ತು, ಅದೇ ಹೆಸರನ್ನು ಹಿಂದುಮುಂದಾಗಿ ಹಾಕುತ್ತಿತ್ತು, ಆಮೇಲೆ ತನ್ನ ಬಳಿಯಿದ್ದ 432 ಪದಗಳ ಪಟ್ಟಿಯನ್ನು ಒಂದೊಂದಾಗಿ ಪರೀಕ್ಷಿಸುತ್ತಿತ್ತು. ದೊಡ್ಡ ದೊಡ್ಡ ವಿದ್ವಾಂಸರ ಬೀಗಗಳು ಇಷ್ಟಕ್ಕೇ ತೆರೆದುಕೊಂಡವು. ಮಾರಿಸನಿಗೆ ಜೈಲಾಗಲಿಲ್ಲ. ಮೂರು ವರ್ಷದ ಸನ್ನಡತೆಯ ಷರತ್ತು, 400 ಗಂಟೆ ಸಮಾಜಸೇವೆ, 10,000 ಡಾಲರಿಗೆ ಸ್ವಲ್ಪ ಹೆಚ್ಚು ದಂಡ. ಮುಂದೆ ಅವನು ಹೆಸರಾಂತ ಎಂಐಟಿಯಲ್ಲಿ ಪ್ರಾಧ್ಯಾಪಕನೂ ಆದ. ಅವನಿಗೆ ಕೊಟ್ಟ ಅವಕಾಶದ ಕಾಲುಭಾಗವನ್ನು ನಾನು ನನ್ನ ಮಗನಿಗೆ ಕೊಟ್ಟಿರಲಿಲ್ಲ ಎಂದು ಓದುವಾಗ ಅನ್ನಿಸಿತು.

ಫೈರ್‌ವಾಲ್ ಎಂಬ ಮಾತು ಮನೆ ಕಟ್ಟುವವರದು. ಒಂದಕ್ಕೊಂದು ಅಂಟಿಕೊಂಡ ಮನೆಗಳ ನಡುವೆ, ಒಂದಕ್ಕೆ ಬಿದ್ದ ಬೆಂಕಿ ಇನ್ನೊಂದಕ್ಕೆ ಹಬ್ಬದಂತೆ ಎಬ್ಬಿಸುವ ದಪ್ಪ ಗೋಡೆ ಅದು. ನಮ್ಮ ಹಳ್ಳಿಗಳಲ್ಲಿ ಬಣವೆಗಳನ್ನು ತಾಗಿಸಿ ಒಟ್ಟುವುದಿಲ್ಲವಲ್ಲ, ಅದೇ ಬುದ್ಧಿ. ಕಂಪ್ಯೂಟರ್ ಜಾಲಕ್ಕೆ ಇಂಥ ಗೋಡೆಯ ಮೊದಲ ರೂಪಗಳು ಬಂದದ್ದು 1980ರ ದಶಕದ ಕೊನೆಯಲ್ಲಿ, ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪನಿಯ ಎಂಜಿನಿಯರುಗಳಿಂದ. ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಚೆಸ್‌ವಿಕ್, ಬೆಲೊವಿನ್ ಎಂಬಿಬ್ಬರು 1994ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು.

ಅದು ಕೆಲಸ ಮಾಡುವ ರೀತಿಯನ್ನು ನಾನು ಅರ್ಥಮಾಡಿಕೊಂಡದ್ದು ಬಿ.ಎಡ್. ಓದುವಾಗ ಇದ್ದ ಹಾಸ್ಟೆಲಿನ ನೆನಪಿನಿಂದ. ಮೊದಲಿದ್ದ ವಾರ್ಡನ್ ಕಾಗದದ ಮೇಲಿನ ವಿಳಾಸವನ್ನಷ್ಟೇ ನೋಡಿ, ಇಂಥ ಊರಿನಿಂದ ಬಂದದ್ದಾದರೆ ಕೊಡು, ಇಂಥಲ್ಲಿಂದಾದರೆ ಬೇಡ ಎನ್ನುತ್ತಿದ್ದರು. ಆಮೇಲೆ ಬಂದವರು ಇನ್ನೂ ಜಾಣೆ. ಯಾವ ಹುಡುಗಿ ಯಾರಿಗೆ ಕಾಗದ ಬರೆದಿದ್ದಾಳೆ ಎಂದು ನೆನಪಿಟ್ಟುಕೊಂಡು, ಅದಕ್ಕೆ ಬಂದ ಉತ್ತರವನ್ನು ಮಾತ್ರ ಒಳಗೆ ಬಿಡುತ್ತಿದ್ದರು. ತಾನಾಗಿ ಬಂದ ಕಾಗದ ಕಸದ ಬುಟ್ಟಿಗೆ. ಇವತ್ತು ಮನೆಯ ಕಂಪ್ಯೂಟರಿನಲ್ಲೂ ಮೋಡೆಮ್ಮಿನಲ್ಲೂ ಇರುವ ಫೈರ್‌ವಾಲ್ ಹೆಚ್ಚಾಗಿ ಈ ಎರಡನೆಯ ವಾರ್ಡನ್. ಕಾಗದ ಒಡೆದು ಓದುವ ಬಗೆಯವೂ ಇವೆ. ಅವು ದೊಡ್ಡ ಕಚೇರಿಗಳಲ್ಲಿ ಕಾಣಸಿಗುತ್ತವೆ.

ಇಲ್ಲೊಬ್ಬ ಹೆಂಗಸಿನ ಹೆಸರು ಹೇಳದೆ ಮುಂದೆ ಹೋಗಲಾರೆ. 1987ರಲ್ಲಿ, ಮಾರಿಸನ ಹುಳು ಹೊರಬೀಳುವ ಮುಂಚೆಯೇ, ಡೊರೊತಿ ಡೆನ್ನಿಂಗ್ ಎಂಬ ವಿಜ್ಞಾನಿ ಒಂದು ಲೇಖನ ಪ್ರಕಟಿಸಿದರು. ಗೋಡೆ ದಾಟಿ ಬಂದವನನ್ನು ಪತ್ತೆ ಮಾಡುವುದು ಹೇಗೆ ಎಂಬುದು ಅದರ ವಿಷಯ. ಅವರು ಕೊಟ್ಟ ದಾರಿ ಇದು: ಒಬ್ಬೊಬ್ಬ ಬಳಕೆದಾರನ ಮಾಮೂಲಿ ನಡವಳಿಕೆ ಹೇಗಿರುತ್ತದೆ, ಎಷ್ಟು ಹೊತ್ತಿಗೆ ಬರುತ್ತಾನೆ, ಎಷ್ಟು ಹೊತ್ತು ಇರುತ್ತಾನೆ, ಏನು ಮುಟ್ಟುತ್ತಾನೆ ಎಂದು ಯಂತ್ರವೇ ಲೆಕ್ಕ ಇಡಲಿ. ಅದಕ್ಕೆ ಹೊಂದದ್ದು ಕಂಡರೆ ಎಚ್ಚರಿಸಲಿ. ಎಷ್ಟು ಸರಳ! ಅಕ್ಕಿ ಡಬ್ಬದಲ್ಲಿ ಅಕ್ಕಿ ಇಳಿದದ್ದು ನೋಡಿಯೇ ಲೆಕ್ಕ ತಪ್ಪಿದೆ ಎಂದು ಕಂಡುಹಿಡಿಯುವ ಹೆಂಗಸರು ನಮ್ಮ ಮನೆಗಳಲ್ಲಿ ಎಷ್ಟು ಜನರಿಲ್ಲ. ರಾತ್ರಿ ಒಂಬತ್ತೂವರೆಗೆ ಅಜ್ಜಿಯ ಪಕ್ಕ ಮಲಗುವ ಹುಡುಗ 1.40ಕ್ಕೆ ಎದ್ದು ಕೂರಲಾರ ಎಂಬುದು ಮಾಮೂಲಿ ನಡವಳಿಕೆಯ ಲೆಕ್ಕವೇ. ಅತ್ತೆಗೆ ಆ ಲೆಕ್ಕ ಗೊತ್ತಿತ್ತು.

ದೊಡ್ಡ ಕಚೇರಿಗಳು ಗೋಡೆ ಕಟ್ಟಿಕೊಂಡವು. ಮನೆಗಳು ಬಯಲಾಗಿಯೇ ಉಳಿದವು. 2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇಟ್ಟಿದ್ದರು. ಆದರೆ ಅದನ್ನು ಹುಡುಕಿ ನಾವೇ ಆನ್ ಮಾಡಿಕೊಳ್ಳಬೇಕಾಗಿತ್ತು. ಕಾವಲುಗಾರನನ್ನು ಸಂಬಳ ಕೊಟ್ಟು ನೇಮಿಸಿ, ಮಲಗಿರು, ಯಜಮಾನಿ ಎಬ್ಬಿಸಿದರೆ ಏಳು ಎಂದ ಹಾಗೆ. ಯಜಮಾನಿಗೆ ಅವನಿರುವುದೇ ಗೊತ್ತಿಲ್ಲ. 2003ರ ಆಗಸ್ಟ್ 11ರಂದು ಬ್ಲಾಸ್ಟರ್ ಎಂಬ ಹುಳು ಹೊರಟಿತು. ಯಾರೂ ಯಾವುದನ್ನೂ ಒತ್ತಬೇಕಾಗಿಲ್ಲ, ಯಂತ್ರ ಜಾಲದಲ್ಲಿದ್ದರೆ ಸಾಕು. ಇನ್ನು ಅರವತ್ತು ಸೆಕೆಂಡಿನಲ್ಲಿ ಆರುತ್ತೇನೆ ಎಂದು ಹೇಳಿ ಆರಿಹೋಗುತ್ತಿದ್ದ ಕಂಪ್ಯೂಟರುಗಳನ್ನು ಆಗ ಸೈಬರ್ ಸೆಂಟರಿಗೆ ಹೋಗುತ್ತಿದ್ದವರು ನೋಡಿರಬಹುದು. ಮರುವರ್ಷ ಸಾಸರ್ ಬಂತು. ಅದನ್ನು ಬರೆದವನು ಹದಿಹರೆಯದ ಒಬ್ಬ ಜರ್ಮನ್ ವಿದ್ಯಾರ್ಥಿ. ಇಷ್ಟೆಲ್ಲ ಆದ ಮೇಲೆ 2004ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್‌ನವರು ಎಕ್ಸ್‌ಪಿಗೆ ಎರಡನೆಯ ಸರ್ವಿಸ್ ಪ್ಯಾಕ್ ತಂದರು, ಕಾವಲುಗಾರನನ್ನು ಎಬ್ಬಿಸಿಯೇ ಕಳಿಸಿದರು. ನಮ್ಮ ಊರಿನ ಅಂಗಡಿಯ ಸಿ.ಡಿ. ಅದಕ್ಕಿಂತ ಹಳೆಯದು.

ಎಂಟನೆಯ ತರಗತಿಯ ಹೆಣ್ಣುಮಕ್ಕಳನ್ನು ಒಂದು ವರ್ಷ ಚಿತ್ರದುರ್ಗಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದೆ. ಓಬವ್ವನ ಕಿಂಡಿಯ ಹತ್ತಿರ ನಿಂತು ನಾನು ಎಂದಿನ ಉತ್ಸಾಹದಲ್ಲಿ ಹೈದರಾಲಿಯ ಮುತ್ತಿಗೆ, ಊಟಕ್ಕೆ ಕೂತ ಗಂಡ, ಒನಕೆ ಎಲ್ಲ ಹೇಳಿ ಮುಗಿಸಿದೆ. ಹಿಂದೆ ನಿಂತಿದ್ದ ಒಂದು ಸಣ್ಣ ಹುಡುಗಿ, "ಮಿಸ್, ಇಲ್ಲೊಂದು ಕಿಂಡಿ ಇದೆ ಅಂತ ಅವರಿಗೆ ಗೊತ್ತಿತ್ತಲ್ಲ, ಯಾಕೆ ಮುಚ್ಚಿರಲಿಲ್ಲ?" ಎಂದು ಕೇಳಿದಳು. ಆ ಕಿಂಡಿಯಿಂದ ಯಾರೋ ನುಸುಳುವುದನ್ನು ನೋಡಿಯೇ ಹೈದರಾಲಿಯ ಕಡೆಯವರಿಗೆ ದಾರಿ ತಿಳಿಯಿತು ಎಂದು ಜನ ಹೇಳುವ ಕಥೆಯಿದೆ. ಒಳಗಿನವರಿಗೆ ಅದು ಉಪಯೋಗಕ್ಕೆ ಬರುತ್ತಿತ್ತು ಮಗು, ಅದಕ್ಕೆ, ಎಂದೆ.

ಕಂಪ್ಯೂಟರಿನಲ್ಲೂ ಹಾಗೆಯೇ. ಪೋರ್ಟ್ ಎಂದು ಕರೆಯುವ ಕಿಂಡಿಗಳು ಅರವತ್ತೈದು ಸಾವಿರಕ್ಕೂ ಹೆಚ್ಚಿವೆ, ಒಂದೊಂದಕ್ಕೂ ಒಂದು ನಂಬರು. 445ನೆಯದು ಒಂದೇ ಕಚೇರಿಯ ಯಂತ್ರಗಳು ಫೈಲು, ಪ್ರಿಂಟರು ಹಂಚಿಕೊಳ್ಳಲಿ ಎಂದು ಇಟ್ಟದ್ದು. 2004ರಲ್ಲಿ ಸಾಸರ್ ನುಗ್ಗಿದ್ದು ಆ ಕಿಂಡಿಯಿಂದ. ಹದಿಮೂರು ವರ್ಷದ ಮೇಲೆ, 2017ರ ಮೇ 12ರಂದು, ಫೈಲುಗಳನ್ನು ಬೀಗ ಹಾಕಿಟ್ಟು ಹಣ ಕೇಳುವ ವಾನಾಕ್ರೈ ನುಗ್ಗಿದ್ದೂ ಅದೇ 445ರಿಂದ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಅದಕ್ಕೆ ಬೇಕಾದ ದುರಸ್ತಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. 'ಅಪ್‌ಡೇಟ್ ಮಾಡಲೇ?' ಎಂದು ಯಂತ್ರ ಕೇಳಿದಾಗ 'ಆಮೇಲೆ' ಎಂದು ಒತ್ತುವ ನಮ್ಮೆಲ್ಲರ ಹಾಗೆ.

ಆ ವರ್ಷವೇ ಜುಲೈ ಕೊನೆಯಲ್ಲಿ ಬೆಂಕಿ ನಮ್ಮ ರಾಜ್ಯಕ್ಕೇ ಬಂತು. ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದಲ್ಲಿ ಸಾವಿರಾರು ಮೋಡೆಮ್‌ಗಳಿಗೆ ಕೆಟ್ಟ ತಂತ್ರಾಂಶ ತಗುಲಿ ಸಂಪರ್ಕ ನಿಂತುಹೋಯಿತು. ಕಾರ್ಖಾನೆಯಿಂದ ಬಂದಾಗ ಇದ್ದ ಗುಪ್ತಪದವನ್ನು ಬದಲಾಯಿಸದೆ ಬಿಟ್ಟ ಮೋಡೆಮ್‌ಗಳವು. ಹೆಸರೂ ಅಡ್ಮಿನ್, ಗುಪ್ತಪದವೂ ಅಡ್ಮಿನ್. ಬದಲಾಯಿಸಿಕೊಳ್ಳಿ ಎಂದು ಸಂಸ್ಥೆಯವರು ಗ್ರಾಹಕರಿಗೆ ಹೇಳಿದರು. ಹಿಂದಿನ ವರ್ಷ, 2016ರಲ್ಲಿ, ಮಿರಾಯ್ ಎಂಬ ಪ್ರೋಗ್ರಾಂ ಅರವತ್ತು ಚಿಲ್ಲರೆ ಇಂಥ ಮಾಮೂಲಿ ಜೋಡಿಗಳ ಪಟ್ಟಿ ಹಿಡಿದುಕೊಂಡೇ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ಮೋಡೆಮ್‌ಗಳನ್ನು ವಶಮಾಡಿಕೊಂಡಿತ್ತು. 1988ರ 432 ಪದಗಳೂ ಬೇಕಾಗಲಿಲ್ಲ! ಪತ್ರಿಕೆಯಲ್ಲಿ ಆ ಸುದ್ದಿ ಓದಿ ನಾನು ಎದ್ದುಹೋಗಿ ನಮ್ಮ ಮೋಡೆಮ್ಮನ್ನು ತಲೆಕೆಳಗು ಮಾಡಿ ನೋಡಿದೆ. ಅಡಿಯಲ್ಲಿ ಚೀಟಿ ಅಂಟಿಸಿತ್ತು. ಅಡ್ಮಿನ್, ಅಡ್ಮಿನ್. ಹನ್ನೊಂದು ವರ್ಷದ ಹಿಂದೆ ಅಷ್ಟು ಪಾಠವಾಗಿದ್ದರೂ, ಆಮೇಲೆ ಮೋಡೆಮ್ ಬದಲಾದಾಗ ಬೀಗದ ಕೈ ಬದಲಾಯಿಸಿರಲಿಲ್ಲ.

ಅದಾಗಿ ಮೂರು ವರ್ಷಕ್ಕೆ ಕೊರೊನಾ. 2020ರಲ್ಲಿ ಶಾಲೆ ಮುಚ್ಚಿ ಮನೆಯಿಂದ ಪಾಠ ಮಾಡಬೇಕಾಗಿ ಬಂದಾಗ ಹಳೆಯ ಸಂಪರ್ಕ ಸಾಲಲಿಲ್ಲ. ಈ ಸಲ ಆರಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ. ಊರಿನಲ್ಲಿ ಮೂವರು ಫೈಬರ್ ಕೊಡುತ್ತಿದ್ದರು, ಹಿಂದೆ ಟಿ.ವಿ. ಕೇಬಲ್ ಕೊಡುತ್ತಿದ್ದವರೂ ಅವರಲ್ಲಿ ಒಬ್ಬರು. ಜಾಹೀರಾತಿನಲ್ಲಿ ಹೇಳಿದ ವೇಗವನ್ನು ನಾನು ನಂಬಲಿಲ್ಲ. ನಮ್ಮ ಬೀದಿಯಲ್ಲೇ ಅವರ ಸಂಪರ್ಕವಿದ್ದ ಮನೆಗೆ ರಾತ್ರಿ ಎಂಟು ಗಂಟೆಗೆ, ಎಲ್ಲರೂ ಧಾರಾವಾಹಿಯೋ ಕ್ರಿಕೆಟ್ಟೋ ನೋಡುವ ಹೊತ್ತಿಗೆ ಹೋಗಿ ಕೂತು ನೋಡಿದೆ. ಪಾಠ ಮಾಡುವವರಿಗೆ ಇಳಿಯುವ ವೇಗದಷ್ಟೇ ಏರುವ ವೇಗವೂ ಮುಖ್ಯ, ಅದೆಷ್ಟು ಎಂದು ಕೇಳಿದೆ. ಮೊದಲ ಮೂರು ತಿಂಗಳ ರಿಯಾಯಿತಿ ಮುಗಿದ ಮೇಲೆ ಎಷ್ಟು? ತಿಂಗಳ ಮಿತಿ ದಾಟಿದರೆ ವೇಗ ಎಷ್ಟಕ್ಕೆ ಇಳಿಯುತ್ತದೆ? ಮರದ ಕೊಂಬೆ ಬಿದ್ದು ತಂತಿ ಹರಿದರೆ ಎಷ್ಟು ದಿನಕ್ಕೆ ಬರುತ್ತೀರಿ? ಕರೆಂಟು ಹೋದರೆ ಪೆಟ್ಟಿಗೆಯೂ ಆರುತ್ತದೆ, ಯುಪಿಎಸ್‌ಗೆ ಸಿಕ್ಕಿಸಿ ಕೊಡುತ್ತೀರಾ? ಕೊನೆಗೆ, ಪೆಟ್ಟಿಗೆಯ ಗುಪ್ತಪದ ಯಾರ ಹತ್ತಿರ ಇರುತ್ತದೆ?

ಕೊನೆಯ ಪ್ರಶ್ನೆಗೆ ತಂತಿ ಎಳೆಯಲು ಬಂದ ಹುಡುಗ ನಕ್ಕ. "ಅದನ್ಯಾಕೆ ಕೇಳ್ತೀರಾ ಆಂಟಿ. ಎಲ್ಲರ ಮನೆಗೂ ಒಂದೇ ಇಟ್ಟಿರ್ತೀವಿ. ಕಂಪ್ಲೇಂಟ್ ಬಂದಾಗ ನಮಗೂ ಸಲೀಸು."

"ನಿಮಗೆ ಸಲೀಸು ಅಂತ ನನ್ನ ಮನೆ ಬೀಗದ ಕೈ ಊರಿಗೆಲ್ಲ ಒಂದೇ ಇರಬೇಕೇನಪ್ಪ?"

ಅವನು ಸುಮ್ಮನಾದ. ಅವನ ಎದುರಿಗೇ ಕೂತು ಎರಡು ಗುಪ್ತಪದ ಬದಲಾಯಿಸಿಕೊಂಡೆ. ವೈಫೈಯದು ಒಂದು, ಪೆಟ್ಟಿಗೆಯ ಒಳಗೆ ಹೋಗುವುದಕ್ಕೆ ಇನ್ನೊಂದು. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಬದಲಾಯಿಸಿ ಆಯಿತು ಎಂದುಕೊಳ್ಳುತ್ತಾರೆ. ಹೊರಗಿನಿಂದ ಪೆಟ್ಟಿಗೆಯನ್ನು ನಡೆಸುವ ಸೌಲಭ್ಯವನ್ನು ಮುಚ್ಚಿಸಿದೆ. ಫೈರ್‌ವಾಲ್ ಆನ್ ಇದೆಯೇ ಎಂದು ಪೆಟ್ಟಿಗೆಯಲ್ಲೂ ಕಂಪ್ಯೂಟರಿನಲ್ಲೂ ನೋಡಿದೆ. ಬಂದ ನೆಂಟರಿಗೆ ಕೊಡಲು ಬೇರೆ ವೈಫೈ ಮಾಡಿಸಿದೆ, ಹಜಾರದವರೆಗೆ ಬರಲಿ, ಅಡುಗೆ ಮನೆಗೆ ಬೇಡ ಎನ್ನುವ ಹಾಗೆ. ಇಷ್ಟಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಬ್ಯಾಂಕಿನಿಂದ ಎಂದು ಫೋನ್ ಮಾಡಿದವನಿಗೆ ನಾವೇ ಓಟಿಪಿ ಹೇಳಿಬಿಟ್ಟರೆ ಯಾವ ಗೋಡೆಯೂ ಕಾಯುವುದಿಲ್ಲ, ಅದು ಬೇರೆ ಮಾತು.

2006ರಲ್ಲಿ ಆ ಹಾಳೆ ನೋಡಿದ ಸಂಜೆ ಮಗನನ್ನು ಕರೆದು, ತಪ್ಪು ನಿನ್ನದಲ್ಲವಂತೆ ಎಂದಿದ್ದೆ. ನನ್ನದು ಎಂದು ಹೇಳಲು ಬಾಯಿ ಬಂದಿರಲಿಲ್ಲ. ಆ ತಿಂಗಳೇ ಹೇಳಬೇಕಾಗಿದ್ದ ಮಾತನ್ನು ಅವನು ಎಂಜಿನಿಯರಿಂಗ್ ಸೇರಿದ ಮೇಲೆ ಒಂದು ಸಲ ಹೇಳಿದೆ. "ನನಗೆ ನೆನಪೇ ಇಲ್ಲ ಬಿಡಮ್ಮ" ಎಂದ.

ಅತ್ತೆ ತೀರಿಕೊಂಡ ಮೇಲೆ ಅವರ ಟ್ರಂಕು ತೆಗೆದೆವು. ಸೀರೆಗಳ ಅಡಿಯಲ್ಲಿ ಆ ಇನ್ನೂರು ಪುಟದ ನೋಟ್‌ಬುಕ್ಕಿತ್ತು. ಮೊದಲ ಪುಟಗಳಲ್ಲಿ ನೂರು ಸಲ, ದುಂಡಗೆ, ನಾನು ಸುಳ್ಳು ಹೇಳುವುದಿಲ್ಲ. ಪುಟ ತಿರುಗಿಸಿದರೆ ಅಡಿಕೋಲಿಟ್ಟು ಗೆರೆ ಎಳೆದು ಮಾಡಿದ ನಾಲ್ಕು ಅಂಕಣ: ತಾರೀಕು, ಹಾಕಿದ ಗಂಟೆ, ತೆಗೆದ ಗಂಟೆ, ಸಹಿ. ಸಹಿಯ ಅಂಕಣದಲ್ಲಿ ಅತ್ತೆಯ ಅಂಕುಡೊಂಕು ಅಕ್ಷರ. ಓದು ಬರಹ ಅಷ್ಟಕ್ಕಷ್ಟೇ ಆಗಿದ್ದ ಅವರು ದಿನಾ ಸಂಜೆ ಅಲ್ಲಿ ತಮ್ಮ ಹೆಸರು ಬರೆದುಕೊಟ್ಟಿದ್ದರು. ಹಾಳೆ ಬಂದು ತಪ್ಪು ಅವನದಲ್ಲವೆಂದು ನಾನು ಹೇಳಿದ ಮೇಲೂ ನಿಲ್ಲಿಸಿರಲಿಲ್ಲ. ಮಾರ್ಚ್ ತಿಂಗಳ ಪರೀಕ್ಷೆಯವರೆಗೂ ಇತ್ತು. ಕೊನೆಯ ಸಾಲು 2007ರ ಮಾರ್ಚ್ 18ರದು. "ಸಂಜೆ 6.30. 6.55. ಮೋಡೆಮ್ ಪ್ಲಗ್ ತೆಗೆದಿದ್ದೇನೆ. ಅಜ್ಜಿ ನೋಡಿದ್ದಾರೆ."